14 ಜನರ ಶೆಡ್‌ಗೆ ಐಎಸ್‌ಒ 45001 ಬೇಕಂತೆ, ಎಲ್ಲಿಂದ ಶುರು ಮಾಡೋದು?

ಶೆಡ್ ಓನರ್:

ಎಲ್ರಿಗೂ ನಮಸ್ಕಾರ. ನಮ್ದು ಚಿಕ್ಕ ಫ್ಯಾಬ್ರಿಕೇಷನ್ ಶೆಡ್, ನನ್ನನ್ನೂ ಸೇರಿಸಿ 14 ಜನ, ಕಟಿಂಗ್ ವೆಲ್ಡಿಂಗ್ ಗ್ರೈಂಡಿಂಗ್ ಪೇಂಟಿಂಗ್ ಎಲ್ಲಾ ಒಂದೇ ಸೂರಿನ ಕೆಳಗೆ. ನಮ್ಮ ದೊಡ್ಡ ಕಸ್ಟಮರ್ ಹೋದ ವಾರ ಮೇಲ್ ಹಾಕಿದಾರೆ, ಇನ್ನು ಎಂಟು ತಿಂಗಳಲ್ಲಿ ಐಎಸ್‌ಒ 45001, ಅಂದ್ರೆ ಕೆಲಸದ ಜಾಗದ ಸುರಕ್ಷತೆ ಮತ್ತೆ ಆರೋಗ್ಯದ ಸ್ಟ್ಯಾಂಡರ್ಡ್, ಅದರ ಸರ್ಟಿಫಿಕೇಟ್ ಇಲ್ಲದ ಸಪ್ಲೈಯರ್‌ಗೆ ಆರ್ಡರ್ ಕೊಡಲ್ಲ ಅಂತ. ನಮ್ಮ ಅರ್ಧ ಕೆಲಸ ಅವರದ್ದೇ.

ಮೇಲ್ ಬಂದ ಎರಡೇ ದಿನಕ್ಕೆ ಒಬ್ರು ಕನ್ಸಲ್ಟೆಂಟ್ ಫೋನ್ ಮಾಡಿ, ನೀವೇನೂ ತಲೆ ಕೆಡಿಸ್ಕೋಬೇಡಿ ಸರ್, ಲೆಟರ್‌ಹೆಡ್ಡು ಲೋಗೋ ಜನರ ಲಿಸ್ಟು ಕಳಿಸಿ, ಹತ್ತು ದಿನದಲ್ಲಿ ಸರ್ಟಿಫಿಕೇಟ್ ಬರತ್ತೆ, ಶೆಡ್ಡಿಗೆ ಯಾರೂ ಬರೋದೂ ಇಲ್ಲ ಅಂದ್ರು. ನಿಜ ಹೇಳ್ತೀನಿ, ಕೇಳಿದಾಗ ಉಸಿರು ಬಿಟ್ಟಂಗಾಯ್ತು. ಆಮೇಲೆ ರಾತ್ರಿ ಯೋಚನೆ ಮಾಡ್ತಾ ಯಾಕೋ ಸರಿ ಕಾಣ್ಲಿಲ್ಲ, ಅದಕ್ಕೆ ಇಲ್ಲಿ ಕೇಳ್ತಿದೀನಿ.

ಇನ್ನೊಂದು. ಹೋದ ವರ್ಷ ನಮ್ಮಲ್ಲಿ ಹ್ಯಾಂಡ್ ಗ್ರೈಂಡರ್ ಡಿಸ್ಕ್ ಒಡೆದು ಒಬ್ಬ ಹುಡುಗನ ಮುಂಗೈ ಸೀಳಿತು, 17 ಹೊಲಿಗೆ. ಅವನು ಗಾರ್ಡ್ ಬಿಚ್ಚಿ ಕೆಲಸ ಮಾಡ್ತಿದ್ದ. ರಿಜಿಸ್ಟರಲ್ಲಿ "ಕೆಲಸಗಾರನ ಅಜಾಗರೂಕತೆ" ಅಂತ ಬರೆದು ಮುಗಿಸಿದ್ದೆ. ಆಡಿಟ್ ಅಂದ್ರೆ ಅದನ್ನೂ ತೋರಿಸ್ಬೇಕಾ?

ಹಳೇ ಆಡಿಟರ್:

ಸರ್, ಆ ಹತ್ತು ದಿನದ ಕಾಗದ ದಯವಿಟ್ಟು ತಗೋಬೇಡಿ. ಹನ್ನೊಂದು ವರ್ಷ ಇದೇ ಕೆಲಸ ಮಾಡಿದೀನಿ, ಅದಕ್ಕೇ ಇಷ್ಟು ಖಡಾಖಂಡಿತ ಹೇಳ್ತಿರೋದು.

ಮೊದಲು ಒಂದು ವಿಷಯ ತಿಳ್ಕೊಳ್ಳಿ, ಐಎಸ್‌ಒ ಸಂಸ್ಥೆ ಯಾರಿಗೂ ಸರ್ಟಿಫಿಕೇಟ್ ಕೊಡೋದೇ ಇಲ್ಲ. ಅವರು ಸ್ಟ್ಯಾಂಡರ್ಡ್ ಬರೀತಾರೆ ಅಷ್ಟೆ. 45001 ಬಂದಿದ್ದು 2018ರ ಮಾರ್ಚಲ್ಲಿ, ಅದಕ್ಕೂ ಮುಂಚೆ 1999ರಿಂದ ಓಹೆಚ್‌ಎಸ್‌ಎಎಸ್ 18001 ಅಂತ ಇತ್ತು, ಈಗ ಅದು ಚಾಲ್ತಿಯಲ್ಲಿಲ್ಲ, ಯಾರಾದ್ರೂ ಇವತ್ತು 18001 ಮಾಡಿಸ್ಕೊಡ್ತೀನಿ ಅಂದ್ರೆ ಅಲ್ಲೇ ಫೋನ್ ಇಟ್ಬಿಡಿ. ಸರ್ಟಿಫಿಕೇಟ್ ಕೊಡೋದು ಸರ್ಟಿಫಿಕೇಷನ್ ಬಾಡಿಗಳು. ಅವುಗಳನ್ನ ಪರೀಕ್ಷೆ ಮಾಡಿ ಮಾನ್ಯತೆ ಕೊಡೋಕೆ ಅಕ್ರೆಡಿಟೇಷನ್ ಬಾಡಿ ಅಂತ ಇರತ್ತೆ. ನಿಮಗೆ ಬೇಕಿರೋದು ಅಂಥ ಮಾನ್ಯತೆ ಇರೋ ಬಾಡಿಯ ಸರ್ಟಿಫಿಕೇಟ್, ಮತ್ತೆ ಆ ಮಾನ್ಯತೆ 45001ಕ್ಕೇ ಇರ್ಬೇಕು, ಬರೀ ಕ್ವಾಲಿಟಿಯ 9001ಕ್ಕೆ ಇದ್ರೆ ಆಗಲ್ಲ. ಐಎಎಫ್ ಸರ್ಟ್‌ಸರ್ಚ್ ಅಂತ ಮಾನ್ಯತೆ ಇರೋ ಸರ್ಟಿಫಿಕೇಟ್‌ಗಳ ಒಂದು ಡೇಟಾಬೇಸ್ ಇದೆ, ದೊಡ್ಡ ಕಸ್ಟಮರ್‌ಗಳು ಅಲ್ಲೇ ಹುಡುಕಿ ನೋಡ್ತಾರೆ. ನಿಮ್ಮ ಹತ್ತು ದಿನದ್ದು ಅಲ್ಲಿ ಸಿಗದೇ ಹೋದ್ರೆ ಆರ್ಡರೂ ಹೋಯ್ತು ಮರ್ಯಾದೆಯೂ ಹೋಯ್ತು.

ನಿಜವಾದ ಆಡಿಟ್ ಎರಡು ಹಂತದಲ್ಲಿ ನಡಿಯತ್ತೆ. ಸ್ಟೇಜ್ ಒಂದರಲ್ಲಿ ನೀವು ತಯಾರಾಗಿದೀರಾ, ದಾಖಲೆ ಕಾನೂನು ಅಪಾಯಗಳ ಪಟ್ಟಿ ಎಲ್ಲಾ ಎಲ್ಲಿಗೆ ಬಂತು ಅಂತ ನೋಡ್ತಾರೆ. ಸ್ಟೇಜ್ ಎರಡರಲ್ಲಿ ಶೆಡ್ಡಿನೊಳಗೆ ನಿಂತು, ಬರೆದದ್ದು ನಡೀತಿದೆಯಾ ಅಂತ ನೋಡಿ ಜನರನ್ನ ಮಾತಾಡಿಸ್ತಾರೆ. ಸಿಕ್ಕ ಮೇಲೆ ಮೂರು ವರ್ಷ ಇರತ್ತೆ, ಮಧ್ಯೆ ವರ್ಷಕ್ಕೊಂದು ಸರ್ವೇಲೆನ್ಸ್ ಆಡಿಟ್ ಬರತ್ತೆ. ಸರ್ಟಿಫಿಕೇಟ್ ಕೊಡೋ ಬಾಡಿಯೇ ನಿಮಗೆ ಕನ್ಸಲ್ಟೆನ್ಸಿ ಕೊಡೋ ಹಾಗಿಲ್ಲ, ಇದು ಅವರಿಗಿರೋ ಐಎಸ್‌ಒ 17021ರ ನಿಯಮ. ನಾವೇ ಫೈಲ್ ಮಾಡಿಕೊಡ್ತೀವಿ ನಾವೇ ಸರ್ಟಿಫೈ ಮಾಡ್ತೀವಿ ಅನ್ನೋರನ್ನ ದೂರ ಇಡಿ.

ಆಕ್ಸಿಡೆಂಟ್ ವಿಷಯ. ಖಂಡಿತ ತೋರಿಸಿ. ಆಕ್ಸಿಡೆಂಟ್ ಆಗಿದ್ದಕ್ಕೆ ಯಾರೂ ಸರ್ಟಿಫಿಕೇಟ್ ತಡೆಹಿಡಿಯಲ್ಲ, ಅದರಿಂದ ಏನು ಕಲಿತ್ರಿ ಅನ್ನೋದನ್ನ ಕೇಳ್ತಾರೆ. ಆದ್ರೆ "ಅಜಾಗರೂಕತೆ" ಅನ್ನೋ ಒಂದು ಪದಕ್ಕೆ ಯಾವ ಆಡಿಟರೂ ಒಪ್ಪಲ್ಲ. ಆ ಹುಡುಗ ಗಾರ್ಡ್ ಯಾಕೆ ಬಿಚ್ಚಿದ? ಅವನನ್ನೇ ಕೇಳಿದ್ರಾ?

ಪ್ರೆಸ್ ಮೇಡಂ:

ನಮ್ದು ಪ್ರಿಂಟಿಂಗ್ ಪ್ರೆಸ್, 9 ಜನ. ನಾನು ಮಾಡಿದ ತಪ್ಪು ನೀವು ಮಾಡಬಾರದು ಅಂತ ಹೇಳ್ತಿದೀನಿ ಸರ್. ಒಂದು ರೆಡಿ ಟೆಂಪ್ಲೇಟ್ ತಗೊಂಡು ಹೆಸರು ಬದಲಾಯಿಸಿ 140 ಪೇಜಿನ ಮ್ಯಾನುಯಲ್ ಮಾಡಿಟ್ಟಿದ್ದೆ. ಸ್ಟೇಜ್ ಒಂದಕ್ಕೆ ಬಂದ ಆಡಿಟರ್ ಮ್ಯಾನುಯಲ್ ಪಕ್ಕಕ್ಕೆ ಇಟ್ಟು ಮೆಷಿನ್ ಒರೆಸ್ತಿದ್ದ ಹೆಲ್ಪರ್ ಹತ್ರ ಹೋಗಿ, ಈ ಡಬ್ಬದಲ್ಲಿರೋದು ಏನಮ್ಮ, ಕಣ್ಣಿಗೆ ಬಿದ್ರೆ ಏನ್ ಮಾಡ್ತೀಯಾ ಅಂತ ಕೇಳಿದ್ರು. ಅವಳಿಗೆ ಗೊತ್ತಿರ್ಲಿಲ್ಲ. ಬಾಟಲಿ ಮೇಲೆ ಲೇಬಲ್ಲೂ ಇರ್ಲಿಲ್ಲ, ದೊಡ್ಡ ಕ್ಯಾನಿಂದ ಬಗ್ಗಿಸಿಟ್ಟಿದ್ದು. ಆಗ ನನಗೆ ನಾಚಿಕೆಗಿಂತ ಜಾಸ್ತಿ ಭಯ ಆಯ್ತು, ಮೂರು ವರ್ಷದಿಂದ ಆ ಹುಡುಗಿ ಬರಿಗೈಲಿ ಆ ಸಾಲ್ವೆಂಟ್ ಮುಟ್ತಾ ಇದ್ಲು, ಕೈ ಚರ್ಮ ಸುಲಿದು ಹೋಗಿತ್ತು, ನಾನು ದಿನಾ ನೋಡ್ತಾ ಇದ್ದೆ ಆದ್ರೂ ನೋಡಿರ್ಲಿಲ್ಲ.

ಆಮೇಲೆ ಸಪ್ಲೈಯರ್ ಹತ್ರ ಸೇಫ್ಟಿ ಡೇಟಾ ಶೀಟ್ ಕೇಳಿ ತರಿಸಿದೆ. ಅದರಲ್ಲಿ 16 ಭಾಗ ಇರತ್ತೆ, ಎಲ್ಲಾ ಓದಿ ಹೆದರ್ಕೋಬೇಡಿ, ಎರಡನೇ ಭಾಗದಲ್ಲಿ ಅಪಾಯ ಏನು, ನಾಲ್ಕರಲ್ಲಿ ಫಸ್ಟ್ ಏಡ್, ಏಳರಲ್ಲಿ ಹೇಗೆ ಇಡಬೇಕು ಬಳಸಬೇಕು, ಎಂಟರಲ್ಲಿ ಯಾವ ಗ್ಲೌಸ್ ಯಾವ ಮಾಸ್ಕ್, ಇಷ್ಟನ್ನ ಮೊದಲು ಓದಿ. ನಾವು ಆ ನಾಲ್ಕನ್ನ ನಮ್ಮ ಮಾತಲ್ಲಿ ಅರ್ಧ ಪುಟಕ್ಕೆ ಇಳಿಸಿ ಗೋಡೆಗೆ ಹಾಕಿದೀವಿ. 140 ಪೇಜು ಹೋಗಿ 22 ಪೇಜ್ ಆಯ್ತು, ಸರ್ಟಿಫಿಕೇಟ್ ಸಿಕ್ಕಿದ್ದು ಆ 22 ಪೇಜಿಗೇ.

ಹಳೇ ಆಡಿಟರ್:

ಮೇಡಂ ಹೇಳಿದ್ದು ನೂರಕ್ಕೆ ನೂರು ನಿಜ. ಮ್ಯಾನುಯಲ್ ಇರ್ಲೇಬೇಕು ಅಂತ 45001ರಲ್ಲಿ ಎಲ್ಲೂ ಇಲ್ಲ. ಅಪಾಯಕ್ಕೆ ಅಂಕ ಕೊಡೋ 5×5 ರಿಸ್ಕ್ ಮ್ಯಾಟ್ರಿಕ್ಸ್ ಹಾಕಿ ಅಂತಾನೂ ಇಲ್ಲ. ಪಾಲಿಸಿ, ವ್ಯಾಪ್ತಿ, ಯಾರಿಗೆ ಯಾವ ಜವಾಬ್ದಾರಿ, ಅಪಾಯಗಳನ್ನ ಹೇಗೆ ಅಳೀತೀರಿ, ಯಾವ ಕಾನೂನು ಅನ್ವಯ ಆಗತ್ತೆ, ಗುರಿ ಏನು, ತುರ್ತು ಪ್ಲಾನ್ ಏನು, ತರಬೇತಿ ಆಯ್ತಾ, ಇಂಟರ್ನಲ್ ಆಡಿಟ್ ಮ್ಯಾನೇಜ್‌ಮೆಂಟ್ ರಿವ್ಯೂ ನಡೀತಾ, ಘಟನೆ ಆದಾಗ ಏನು ಮಾಡಿದ್ರಿ, ಮುಖ್ಯವಾಗಿ ಇಂಥವಕ್ಕೆ ದಾಖಲೆ ಬೇಕು. 14 ಜನರ ಶೆಡ್ಡಿಗೆ ಇದು ತೆಳ್ಳನೆ ಒಂದು ಫೈಲ್ ಆಗತ್ತೆ.

ಗ್ರೈಂಡರ್ ಕೆಲಸ:

ನಾನು ಓನರ್ ಅಲ್ಲ, ಕೆಲಸಗಾರ. ಬೇರೆ ಕಡೆ ಫ್ಯಾಬ್ರಿಕೇಷನ್ನಲ್ಲೇ ಇದೀನಿ. ಸರ್, ಬೇಜಾರ್ ಮಾಡ್ಕೋಬೇಡಿ, ಗಾರ್ಡ್ ಬಿಚ್ಚೋದು ಯಾಕೆ ಅಂತ ನಾನು ಹೇಳ್ತೀನಿ. ಹತ್ತರಲ್ಲಿ ಏಳು ಸಲ ಡಿಸ್ಕ್ ಸೈಜ್ ಕೂರಲ್ಲ ಅಂತ ಬಿಚ್ತೀವಿ. 125 ಮಿ.ಮೀ. ಮೆಷಿನ್ ಇರತ್ತೆ, ಸ್ಟೋರಲ್ಲಿ 125ರ ಡಿಸ್ಕ್ ಖಾಲಿ, ಇರೋದು 180. ಕೆಲಸ ನಿಲ್ಲಿಸಿದ್ರೆ ಬೈಗುಳ. ಗಾರ್ಡ್ ತೆಗೆದ್ರೆ 180 ಕೂರತ್ತೆ. ಅಷ್ಟೇ ಕಥೆ.

ಅದು ಎಷ್ಟು ಕೆಟ್ಟದ್ದು ಅಂತ ನನಗೂ ಲೇಟಾಗೇ ಗೊತ್ತಾಗಿದ್ದು. ಚಿಕ್ಕ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತಿನ ಆಸುಪಾಸು ತಿರುಗತ್ತೆ, 180ರ ಡಿಸ್ಕ್ ತಡ್ಕೊಳ್ಳೋದು 8,500ರ ಹತ್ರ ಮಾತ್ರ, ಡಿಸ್ಕ್ ಮೇಲೇ ಪ್ರಿಂಟ್ ಆಗಿರತ್ತೆ ನೋಡಿ. ಒಡೆಯದೇ ಇದ್ರೆ ಪುಣ್ಯ. ನಡುವಿನ ಲೋಹದ ರಿಂಗ್ ಮೇಲೆ ಎಕ್ಸ್‌ಪೈರಿ ತಿಂಗಳು ವರ್ಷವೂ ಇರತ್ತೆ, ಹಳೇ ಡಿಸ್ಕ್ ತೇವಕ್ಕೆ ಸಿಕ್ಕು ದುರ್ಬಲ ಆಗಿರತ್ತೆ.

ಎಲ್ಲಾ ಕಡೆ ಹೊಸ ಸೇಫ್ಟಿ ರೂಲ್ ಅಂದ್ರೆ ನಮಗೆ ಒಂದು ಸೈನ್ ಮಾಡೋ ಕಾಗದ ಬರತ್ತೆ, ಜೊತೆಗೊಂದು ಜೋಡಿ ಗ್ಲೌಸ್. ನಮ್ಮಲ್ಲಿ ಒಬ್ರು ಎಲ್ರೂ ಎಲ್ಲಾ ಮೆಷಿನಲ್ಲೂ ಗ್ಲೌಸ್ ಹಾಕ್ಲೇಬೇಕು ಅಂತ ಆರ್ಡರ್ ಮಾಡಿದ್ರು. ಡ್ರಿಲ್ ಮೆಷಿನ್ನಲ್ಲಿ ಗ್ಲೌಸ್ ಹಾಕಿದ್ರೆ ತಿರುಗೋ ಡ್ರಿಲ್ ಬಿಟ್ ಅದನ್ನ ಸುತ್ಕೊಂಡು ಕೈಯನ್ನೇ ಎಳ್ಕೊಳ್ಳತ್ತೆ, ಬೆರಳು ಹೋಗತ್ತೆ. ಡ್ರಿಲ್ ಮುಂದೆ ನಿಲ್ಲೋರನ್ನ ಒಂದ್ ಮಾತು ಕೇಳಿದ್ರೆ ಅವತ್ತೇ ಹೇಳ್ತಿದ್ವಿ. ಯಾರೂ ಕೇಳ್ಲಿಲ್ಲ.

ಶೆಡ್ ಓನರ್:

ಅಣ್ಣ, ನಿಮ್ಮ ಮಾತು ಓದಿ ಎದ್ದು ಹೋಗಿ ಸ್ಟೋರ್ ನೋಡಿ ಬಂದೆ. 180ರ ಡಿಸ್ಕ್ ಆರು ಬಾಕ್ಸ್ ಇದೆ. 125ರದ್ದು ಒಂದೂ ಇಲ್ಲ. ಹೋದ ವರ್ಷ ಬಲ್ಕ್ ಆರ್ಡರ್ ಹಾಕಿದ್ದು ನಾನೇ.

ನಾಳೆ ಆ ಹುಡುಗನ ಹತ್ರ ಕೂತು ಮಾತಾಡ್ತೀನಿ.

ಮರಗೆಲಸ:

ಇಲ್ಲಿಗೇ ನಿಮ್ಮ ಸರ್ಟಿಫಿಕೇಷನ್ ಕೆಲಸ ಶುರುವಾಯ್ತು ಅಂದ್ಕೊಳ್ಳಿ ಸರ್. ಸ್ಟ್ಯಾಂಡರ್ಡಲ್ಲಿ 8.1.4 ಅಂತ ಖರೀದಿ ಮತ್ತೆ ಕಾಂಟ್ರಾಕ್ಟರ್‌ಗಳ ಬಗ್ಗೆನೇ ಒಂದು ಭಾಗ ಇದೆ, ನಾನೂ ಅದನ್ನ ಆಫೀಸ್ ಕೆಲಸ ಅಂತ ಬಿಟ್ಟಿದ್ದೆ.

ನಮ್ಮ ಫರ್ನಿಚರ್ ಯೂನಿಟ್ಟಲ್ಲಿ 11 ಜನ. ಅಪಾಯಗಳ ಪಟ್ಟಿ ಮಾಡಿದ್ದು ಹೇಗೆ ಅಂದ್ರೆ, ಒಂದು ನೋಟ್‌ಬುಕ್ ಹಿಡ್ಕೊಂಡು ಬೆಳಿಗ್ಗೆ ಬಾಗಿಲು ತೆಗೆಯೋದ್ರಿಂದ ಸಂಜೆ ಬೀಗ ಹಾಕೋ ತನಕ ಪ್ರತಿ ಕೆಲಸದ ಹತ್ರ ನಿಂತು, ಅದನ್ನ ಮಾಡೋರ ಹತ್ರ ಎರಡೇ ಪ್ರಶ್ನೆ ಕೇಳಿದೆ: ಇಲ್ಲಿ ನಿಮಗೆ ಯಾವುದಕ್ಕೆ ಭಯ, ಹೋದ ಸಲ ಸ್ವಲ್ಪದರಲ್ಲಿ ತಪ್ಪಿದ್ದು ಏನು. ಮೊದಲ ದಿನ ಯಾರೂ ಬಾಯಿ ಬಿಡ್ಲಿಲ್ಲ. ಮೂರನೇ ದಿನ ಬರೆಯೋಕೆ ಪುಟ ಸಾಲ್ಲಿಲ್ಲ.

ಪಟ್ಟಿ ಆದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಯೋಚ್ನೆ ಮಾಡ್ಬೇಕು. ಆ ಅಪಾಯವನ್ನ ಪೂರ್ತಿ ತೆಗೀಬಹುದಾ, ಆಗದಿದ್ರೆ ಕಡಿಮೆ ಅಪಾಯದ್ದಕ್ಕೆ ಬದಲಾಯಿಸಬಹುದಾ, ಅದೂ ಆಗದಿದ್ರೆ ಗಾರ್ಡ್ ಅಥವಾ ಎಕ್ಸಾಸ್ಟ್ ಹಾಕಿ ತಡೀಬಹುದಾ ಇಲ್ಲ ಕೆಲಸದ ರೀತಿಯನ್ನೇ ಬೇರೆ ಮಾಡ್ಬಹುದಾ, ಆಮೇಲೆ ರೂಲು ಬೋರ್ಡು ತರಬೇತಿ, ಎಲ್ಲಾ ಆದ್ಮೇಲೆ ಕಟ್ಟಕಡೇಲಿ ಮಾಸ್ಕು ಗ್ಲೌಸು. ನಾವು ತಲೆಕೆಳಗಾಗಿ ಮಾಡ್ತಿದ್ವಿ, ಮಾಸ್ಕ್ ಕೊಟ್ಟು ಕೈ ತೊಳ್ಕೊಂಡಿದ್ವಿ. ಮರದ ಪುಡಿ ಕ್ಯಾನ್ಸರ್ ತರೋ ಪದಾರ್ಥಗಳ ಮೊದಲ ಗುಂಪಲ್ಲಿದೆ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಐಎಆರ್‌ಸಿಯ ಪಟ್ಟಿ ಪ್ರಕಾರ. ನಮ್ಮ ಹುಡುಗರು ಸಂಜೆ ಕಂಪ್ರೆಸರ್ ಗಾಳಿಯಿಂದ ಮೈ ಮೇಲಿನ ಪುಡಿ ಊದ್ಕೊಳ್ತಿದ್ರು, ಇಡೀ ಶೆಡ್ ಮಂಜು ಕವಿದಂಗೆ ಆಗ್ತಿತ್ತು, ಆ ಹೊತ್ತಿಗೆ ಎಲ್ಲರ ಮಾಸ್ಕ್ ಕುತ್ತಿಗೆಗೆ ಇಳಿದಿರ್ತಿತ್ತು. ಈಗ ಮೆಷಿನ್ ಬಾಯಲ್ಲೇ ಪುಡಿ ಎಳ್ಕೊಳ್ಳೋ ಪೈಪು, ಕ್ಲೀನಿಂಗಿಗೆ ವ್ಯಾಕ್ಯೂಮ್. ಗಾಳಿ ಗನ್ ಬೀಗದೊಳಗೆ.

ಲೆಕ್ಕದವರು:

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಚಿಕ್ಕ ಉದ್ಯಮ ಇಷ್ಟೆಲ್ಲಾ ಹೊರೋಕಾಗಲ್ಲ. ಆಕ್ಸಿಡೆಂಟ್ ಕಡಿಮೆ ಮಾಡ್ಬೇಕಾ, ತಿಂಗಳಿಗೆ ಒಂದೂ ಗಾಯ ಆಗದಿದ್ರೆ ಟೀಮಿಗೆ ಬೋನಸ್ ಕೊಡಿ, ಸುಲಭ. ನಾವು ಹಾಗೇ ಮಾಡ್ತೀವಿ, ಎರಡು ವರ್ಷದಿಂದ ಸೊನ್ನೆ. ಆಡಿಟರ್‌ಗೂ ಆ ಗ್ರಾಫ್ ತೋರಿಸಬಹುದು.

ಗ್ರೈಂಡರ್ ಕೆಲಸ:

ಸರ್ ನಿಮ್ಮ ಸೊನ್ನೆ ಸೊನ್ನೆ ಅಲ್ಲ. ನಮ್ಮಲ್ಲೂ ಆ ಬೋನಸ್ ಇತ್ತು. ಒಬ್ಬನ ಕಾಲ್ಬೆರಳ ಮೇಲೆ ಕಬ್ಬಿಣದ ಚಾನೆಲ್ ಬಿದ್ದು ಉಗುರು ಕಿತ್ತು ಬಂತು. ಅವನು ಬೂಟಲ್ಲಿ ಬಟ್ಟೆ ತುರುಕಿಕೊಂಡು ಎಂಟು ದಿನ ಕೆಲಸ ಮಾಡ್ದ, ಯಾಕೆಂದ್ರೆ ಹೇಳಿದ್ರೆ ಹದಿನೈದು ಜನರ ಬೋನಸ್ ಹೋಗತ್ತೆ, ಎಲ್ರ ಕಣ್ಣೂ ಅವನ ಮೇಲೆ. ಕೊನೆಗೆ ಕೀವಾಗಿ ಆಸ್ಪತ್ರೆ ಸೇರ್ದ. ಈ ಬೋನಸ್ ದಯವಿಟ್ಟು ನಿಲ್ಲಿಸಿ.

ಹಳೇ ಆಡಿಟರ್:

ಲೆಕ್ಕದವರೇ, ನೀವು ಒಳ್ಳೇ ಉದ್ದೇಶದಿಂದಲೇ ಮಾಡಿದೀರಿ ಅಂತ ನಂಬ್ತೀನಿ, ಆದ್ರೆ ನಾನು ಆಡಿಟಿಗೆ ಹೋದಾಗ ಎರಡು ವರ್ಷ ಸೊನ್ನೆ, ಒಂದು ಬ್ಯಾಂಡೇಜೂ ಇಲ್ಲ ಅಂತ ಕಂಡ್ರೆ ಮೊದಲು ಫಸ್ಟ್ ಏಡ್ ಬಾಕ್ಸ್ ತೆಗೆದು ನೋಡ್ತಿದ್ದೆ. ಬಾಕ್ಸ್ ಅರ್ಧ ಖಾಲಿ ಇರ್ತಿತ್ತು. ಗಾಯ ಆಗಿದೆ, ಬರೆದಿಲ್ಲ ಅಂತ ಅಲ್ಲೇ ಗೊತ್ತಾಗ್ತಿತ್ತು.

ಅಪಾಯ ಹೇಳಿದೋರಿಗೆ ತೊಂದ್ರೆ ಆಗದ ಹಾಗೆ ಕಾಪಾಡೋದು ಮೇಲಿನವರ ಜವಾಬ್ದಾರಿ ಅಂತ 45001 ನೇರವಾಗಿ ಬರೆದಿದೆ. ಜೀವಕ್ಕೆ ಅಪಾಯ ಅನ್ಸಿದ ಕೆಲಸದಿಂದ ಹಿಂದೆ ಸರಿಯೋ ಅಧಿಕಾರ ಕೆಲಸಗಾರರಿಗಿದೆ, ಅದು ಅವರಿಗೆ ತಿಳಿದಿರಬೇಕು ಅಂತಾನೂ ಇದೆ. ಕೆಲಸಗಾರ ಅಂದ್ರೆ ಪರ್ಮನೆಂಟ್ ಆದೋರು ಮಾತ್ರ ಅಲ್ಲ, ತಾತ್ಕಾಲಿಕ ಹೆಲ್ಪರ್, ಅಪ್ರೆಂಟಿಸ್ ಎಲ್ಲಾ ಸೇರಿ. ಬೋನಸ್ ಕೊಡ್ಲೇಬೇಕು ಅಂದ್ರೆ, ಜಾಸ್ತಿ ಅಪಾಯ ಗುರುತಿಸಿ ಹೇಳಿದೋರನ್ನ ಮೆಚ್ಚಿ ಕೊಡಿ, ಅದೂ ಹೇಳಿದ್ದನ್ನ ಸರಿ ಮಾಡಿದ ಮೇಲೆ.

ಲೆಕ್ಕದವರು:

ಫಸ್ಟ್ ಏಡ್ ಬಾಕ್ಸ್ ಮಾತು ಯೋಚನೆಗೆ ಹಚ್ಚಿತು ಆಡಿಟರ್ ಮೇಡಂ. ನೋಡ್ತೀನಿ. ಪೂರ್ತಿ ಒಪ್ಪಿದೀನಿ ಅಂತಲ್ಲ.

ಕ್ಲೀನಿಂಗ್ ಟೀಮ್:

ನಾವು ಬರೀ 6 ಜನ, ಕಟ್ಟಡಗಳ ಕ್ಲೀನಿಂಗ್ ಕಾಂಟ್ರಾಕ್ಟ್ ಮಾಡ್ತೀವಿ, ನಮ್ಮದೇ ಜಾಗ ಅಂತ ಇಲ್ಲ, ದಿನಾ ಬೇರೆಯವರ ಕಟ್ಟಡದಲ್ಲಿ ಏಣಿ ಹತ್ತಿ ಕೆಲಸ. ನಮಗೂ ಈ ಸರ್ಟಿಫಿಕೇಟ್ ಬೇಕಾ? ಕಸ್ಟಮರ್ ಯಾರೂ ಇನ್ನೂ ಕೇಳಿಲ್ಲ.

ಹಳೇ ಆಡಿಟರ್:

ಯಾರೂ ಕೇಳಿಲ್ಲ, ಟೆಂಡರಲ್ಲಿ ಇಲ್ಲ ಅಂದ್ರೆ ಸರ್ಟಿಫಿಕೇಟಿಗೆ ಅರ್ಜೆಂಟ್ ಮಾಡ್ಬೇಡಿ ಅಣ್ಣ. 45001 ಅನ್ನ ಸರ್ಟಿಫಿಕೇಟ್ ತಗೊಳ್ಳದೇನೂ ಪಾಲಿಸಬಹುದು, ಅದನ್ನ ಜಾರಿಗೆ ತರೋದು ಹೇಗೆ ಅಂತ ವಿವರಿಸೋಕೆ 45002 ಅಂತ 2023ರಲ್ಲಿ ಬಂದಿದೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2001ರ ಮಾರ್ಗಸೂಚಿಯೂ ಇದೆ, ಅದಕ್ಕೆ ಸರ್ಟಿಫಿಕೇಷನ್ ಬೇಕಾಗೇ ಇಲ್ಲ. ಮತ್ತೆ ಒಂದು ವಿಷಯ ಎಲ್ರೂ ನೆನಪಿಡಿ, ಸರ್ಟಿಫಿಕೇಟ್ ಇದೆ ಅಂತ ಕಾನೂನಿನ ಜವಾಬ್ದಾರಿ ಒಂದಿಂಚೂ ಕಡಿಮೆ ಆಗಲ್ಲ, ಇಲ್ಲ ಅಂತ ಜಾಸ್ತಿಯೂ ಆಗಲ್ಲ. ನಿಮ್ಮ ಏಣಿಗೆ ಬರೋಣ. ಒರಗಿಸೋ ಏಣಿ ನಾಲ್ಕಕ್ಕೆ ಒಂದು ಲೆಕ್ಕ, ಮೇಲೆ ನಾಲ್ಕು ಅಡಿ ಎತ್ತರದಲ್ಲಿ ಗೋಡೆಗೆ ತಾಗಿದ್ರೆ ಬುಡ ಒಂದು ಅಡಿ ಹೊರಗೆ. ಅದಕ್ಕಿಂತ ಮುಂಚೆ, ಉದ್ದ ಕೋಲಿನ ಬ್ರಶ್ ಹಾಕಿದ್ರೆ ನೆಲದ ಮೇಲೆ ನಿಂತೇ ಆಗತ್ತಾ ನೋಡಿ. ಆದ್ರೆ ಏಣಿಯೇ ಬೇಡ.

ಫ್ಯಾಕ್ಟರಿ ನರ್ಸ್:

ಎಲ್ರೂ ಗಾಯದ ಬಗ್ಗೆನೇ ಮಾತಾಡ್ತಿದೀರಿ. ನನಗೆ ಸಂಕಟ ಆಗೋದು ಕಾಯಿಲೆ ವಿಷಯಕ್ಕೆ. ಕಾರ್ಮಿಕ ಸಂಸ್ಥೆಯ ಅಂದಾಜಿನ ಪ್ರಕಾರ ಕೆಲಸದ ಕಾರಣಕ್ಕೆ ಪ್ರಪಂಚದಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ 30 ಲಕ್ಷ ಜನ ಸಾಯ್ತಾರೆ, ಅದರಲ್ಲಿ ಅಪಘಾತದಿಂದ ಸಾಯೋರು ಸುಮಾರು 3.3 ಲಕ್ಷ, ಉಳಿದ 26 ಲಕ್ಷ ಕಾಯಿಲೆಯಿಂದ. ಹೊಗೆ, ಪುಡಿ, ಕೆಮಿಕಲ್, ಮಿತಿ ಮೀರಿದ ಗಂಟೆಗಳ ಕೆಲಸ. ರಕ್ತ ಕಾಣಲ್ಲ ಅಂತ ರಿಜಿಸ್ಟರಿಗೆ ಬರಲ್ಲ.

ಶೆಡ್ ಓನರ್ ಸರ್, ನಿಮ್ಮಲ್ಲಿ ವೆಲ್ಡಿಂಗ್ ಇದೆ. ವೆಲ್ಡಿಂಗ್ ಹೊಗೆನೂ ಕ್ಯಾನ್ಸರಿನ ಮೊದಲ ಗುಂಪಲ್ಲೇ ಇದೆ. ಸ್ಟೇನ್‌ಲೆಸ್ ಸ್ಟೀಲ್ ಆದ್ರೆ ಹೆಕ್ಸಾವೇಲೆಂಟ್ ಕ್ರೋಮಿಯಂ ಬರತ್ತೆ, ಅದೂ ಕ್ಯಾನ್ಸರ್ ತರೋದೇ. ಗ್ಯಾಲ್ವನೈಸ್ಡ್ ಪೈಪ್ ವೆಲ್ಡ್ ಮಾಡಿದ ದಿನ ಸಂಜೆ ಚಳಿ ಜ್ವರ ಮೈಕೈ ನೋವು ಅಂತ ಮಲಗ್ತಾರಲ್ಲ, ಅದು ಸತುವಿನ ಹೊಗೆಯಿಂದ ಬರೋ ಜ್ವರ, ಫ್ಲೂ ಅಂತ ತಿಳ್ಕೊಂಡು ಮಾತ್ರೆ ನುಂಗಿ ಮಾರನೇ ದಿನ ಮತ್ತೆ ಅದೇ ಕೆಲಸಕ್ಕೆ ಬರ್ತಾರೆ.

ಶಬ್ದಕ್ಕೆ ಮೀಟರ್ ಇಲ್ಲದಿದ್ರೂ ಒಂದು ಪರೀಕ್ಷೆ ಇದೆ. ಕೈ ಚಾಚಿದಷ್ಟು ದೂರದಲ್ಲಿ ನಿಂತೋರ ಜೊತೆ ದನಿ ಎತ್ತಿ ಮಾತಾಡ್ಬೇಕು ಅಂದ್ರೆ ಅಲ್ಲಿ 85 ಡೆಸಿಬೆಲ್ ದಾಟಿದೆ ಅಂತ ಇಟ್ಕೊಳ್ಳಿ. ಅಮೆರಿಕದ ನಯೋಷ್ ಸಂಸ್ಥೆ ಹೇಳೋ ಲೆಕ್ಕದಲ್ಲಿ 85ಕ್ಕೆ ದಿನಕ್ಕೆ ಎಂಟು ಗಂಟೆ ಮಿತಿ, ಪ್ರತಿ 3 ಡೆಸಿಬೆಲ್ ಏರಿದಂಗೆ ಸಮಯ ಅರ್ಧ, 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು. ಹೋದ ಕಿವಿ ವಾಪಸ್ ಬರಲ್ಲ. ಮನೇಲಿ ಮಗು ಕರೆದದ್ದು ಕೇಳ್ಲಿಲ್ಲ ಅಂತ ಒಬ್ಬ ಫಿಟ್ಟರ್ ನನ್ನ ಎದುರು ಅತ್ತಿದ್ದಾರೆ, ಅವರಿಗೆ ಇನ್ನೂ 38.

ಶೆಡ್ ಓನರ್:
(ಮೂರು ವಾರ ಆದ್ಮೇಲೆ)

ತಡ ಆಯ್ತು, ಕ್ಷಮಿಸಿ. ಹುಡುಗನ ಜೊತೆ ಮಾತಾಡಿದೆ. ಮೊದಲು ತಪ್ಪು ನಂದೇ ಸರ್ ಅಂತಲೇ ಹೇಳ್ತಿದ್ದ. ಸ್ಟೋರಿಗೆ ಕರ್ಕೊಂಡು ಹೋಗಿ ಬಾಕ್ಸ್‌ಗಳನ್ನ ತೋರಿಸಿ, ಇದನ್ನ ತರಿಸಿದ್ದು ನಾನು ಕಣಪ್ಪ ಅಂದೆ. ಸುಮ್ನೆ ನಿಂತಿದ್ದ. ಆಮೇಲೆ, ಅವತ್ತು ಎರಡು ಸಲ ಬಂದು 125 ಇಲ್ಲ ಅಂತ ಸೂಪರ್‌ವೈಸರ್‌ಗೆ ಹೇಳಿದ್ದೆ ಸರ್ ಅಂದ. ನನಗೆ ಅದು ಮುಟ್ಟಿರ್ಲೇ ಇಲ್ಲ. ಸೂಪರ್‌ವೈಸರ್‌ನ ಕೇಳಿದ್ರೆ, ಡೆಲಿವರಿ ತಡ ಆದ್ರೆ ನೀವು ಕೂಗಾಡ್ತೀರಿ ಅಂತ ಹೇಳ್ಲಿಲ್ಲ ಅಂದ್ರು.

ರಿಜಿಸ್ಟರಲ್ಲಿ ಆ ಹಳೇ ಸಾಲು ಹೊಡೆದು ಹಾಕ್ಲಿಲ್ಲ, ಅದರ ಕೆಳಗೆ ಇವತ್ತಿನ ತಾರೀಖು ಹಾಕಿ ನಿಜವಾಗಿ ನಡೆದದ್ದನ್ನ ಬರೆದು ಮೂರೂ ಜನ ಸೈನ್ ಮಾಡಿದೀವಿ. ಡಿಸ್ಕ್ ಸೈಜ್ ಪ್ರಕಾರ ಬೇರೆ ಬೇರೆ ಕಪಾಟು, ಐದಕ್ಕಿಂತ ಕಡಿಮೆ ಆದ್ರೆ ಸ್ಟೋರ್‌ನವರೇ ನೇರ ಆರ್ಡರ್ ಹಾಕ್ಬಹುದು, ನನ್ನ ಸೈನ್ ಬೇಡ.

ಮರಗೆಲಸದವರ ಎರಡು ಪ್ರಶ್ನೆ ಹಿಡ್ಕೊಂಡು ಓಡಾಡಿದೆ. ಒಬ್ರು ವಯಸ್ಸಾದ ವೆಲ್ಡರ್ ಹೇಳಿದ್ದು ಕೇಳಿ ಮೈ ಜುಂ ಅಂತು. ಗೇಟಿನ ಹೊರಗೆ ಜನ ಹಳೇ ಡ್ರಮ್ ತಂದು ಇದನ್ನ ಅರ್ಧಕ್ಕೆ ಕಟ್ ಮಾಡಿಕೊಡಿ ಅಂತಾರಂತೆ, ನಮ್ಮವರು ಗ್ಯಾಸ್ ಕಟರ್ ಹಿಡಿದು ಮಾಡಿಕೊಡ್ತಾರಂತೆ. ಒಳಗೆ ಏನಿತ್ತು ಅಂತ ಯಾರಿಗೂ ಗೊತ್ತಿಲ್ಲ. ನನಗೆ ಗೊತ್ತೇ ಇಲ್ಲದ ಕೆಲಸ ನನ್ನದೇ ಶೆಡ್ಡಲ್ಲಿ.

ಹಳೇ ಆಡಿಟರ್:

ಅದನ್ನ ಇವತ್ತೇ ನಿಲ್ಲಿಸಿ ಸರ್, ಯಾವ ಪಟ್ಟಿಗೂ ಕಾಯಬೇಡಿ. ಎಣ್ಣೆ, ಪೇಂಟ್, ಥಿನ್ನರ್ ಇದ್ದ ಡ್ರಮ್ ಖಾಲಿ ಅನ್ಸಿದ್ರೂ ಒಳಗೆ ಆವಿ ಇರತ್ತೆ, ತುಂಬಿದ ಡ್ರಮ್ಮಿಗಿಂತ ಖಾಲಿ ಡ್ರಮ್ಮೇ ಹೆಚ್ಚು ಅಪಾಯ, ಕಿಡಿ ತಾಗಿದ್ರೆ ಮುಚ್ಚಳ ಹಾರಿ ಎದುರಿದ್ದವರ ಮುಖಕ್ಕೇ ಬರತ್ತೆ. ಮೆಟ್ಟಿಲಲ್ಲಿ ಮೊದಲನೆಯದು ಪೂರ್ತಿ ತೆಗೆಯೋದು ಅಂದ್ರಲ್ಲ, ಅದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ಇಲ್ಲ. ಆ ಕೆಲಸ ತಗೊಳ್ಳೋದೇ ಇಲ್ಲ ಅಂತ ಗೇಟಲ್ಲಿ ಬರೆದು ಹಾಕಿ.

ಸಿಲಿಂಡರೂ ನೋಡಿ. ಆಕ್ಸಿಜನ್ ಬೇರೆ, ಉರಿಯೋ ಗ್ಯಾಸ್ ಬೇರೆ ಇಡಿ, ನಿಲ್ಲಿಸಿ ಚೈನ್ ಹಾಕಿ, ಬೆಂಕಿ ಹಿಂದಕ್ಕೆ ಪೈಪಿನೊಳಗೆ ಬರದಂಗೆ ತಡೆಯೋ ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್ ಇದೆಯಾ ನೋಡಿ, ಆಕ್ಸಿಜನ್ ವಾಲ್ವಿಗೆ ಗ್ರೀಸ್ ಆದ ಕೈ ತಾಗಲೇಬಾರದು.

ಆ ವೆಲ್ಡರ್‌ಗೆ ಧನ್ಯವಾದ ಹೇಳಿದ್ರಾ? ಎಲ್ರ ಎದುರಿಗೆ ಹೇಳಿ.

ಶೆಡ್ ಓನರ್:

ಹೇಳಿದೆ. ಡ್ರಮ್ ಕಟ್ ಮಾಡೋ ಕೆಲಸವೂ ನಿಂತಿದೆ, ಬೋರ್ಡ್ ಬಿದ್ದಿದೆ. ಈಗ ಇಂಟರ್ನಲ್ ಆಡಿಟ್ ಅಂತ ಇದೆಯಲ್ಲ, ಅದನ್ನ ಯಾರ ಕೈಲಿ ಮಾಡಿಸೋದು? ನಮ್ಮಲ್ಲಿ ಯಾರಿಗೂ ಬರಲ್ಲ.

ಪ್ರೆಸ್ ಮೇಡಂ:

ನಮ್ಮಲ್ಲೂ ಅದೇ ಆಗಿತ್ತು. ತನ್ನ ಕೆಲಸವನ್ನ ತಾನೇ ಆಡಿಟ್ ಮಾಡಬಾರದು ಅನ್ನೋದು ಮುಖ್ಯ. ಬೈಂಡಿಂಗ್‌ನವರು ಪ್ರಿಂಟಿಂಗ್ ನೋಡಿದ್ರು, ಪ್ರಿಂಟಿಂಗ್‌ನವರು ಸ್ಟೋರ್ ನೋಡಿದ್ರು, ಇಬ್ರಿಗೆ ಎರಡು ದಿನದ ಟ್ರೇನಿಂಗ್ ಕೊಡಿಸಿದ್ದೆ, ಕೆಲಸದ ಟೈಮಲ್ಲೇ, ಸಂಬಳ ಕಟ್ ಮಾಡದೇ. ನಾನು ಮಾಡ್ತಿದ್ದ ಕೆಲಸಗಳನ್ನ ಆಡಿಟ್ ಮಾಡೋಕೆ ಪಕ್ಕದ ಇನ್ನೊಂದು ಚಿಕ್ಕ ಯೂನಿಟ್ಟಿನವರನ್ನ ಕರೆದೆ, ಅವರದ್ದಕ್ಕೆ ನಾನು ಹೋದೆ. ಹೊರಗಿನವರ ಕಣ್ಣಿಗೆ ಬೀಳೋದೇ ಬೇರೆ.

ಹಳೇ ಆಡಿಟರ್:

ಚೆನ್ನಾಗಿದೆ ಮೇಡಂ, ಆ ವಿನಿಮಯದ ದಾರಿ ಚಿಕ್ಕವರಿಗೆ ತುಂಬಾ ಸರಿ ಹೋಗತ್ತೆ. ಸರ್, ಸ್ಟೇಜ್ ಎರಡಕ್ಕೆ ಮುಂಚೆ ಇಂಟರ್ನಲ್ ಆಡಿಟ್ ಮತ್ತೆ ಮ್ಯಾನೇಜ್‌ಮೆಂಟ್ ರಿವ್ಯೂ ಎರಡೂ ಆಗಿರಬೇಕು. ರಿವ್ಯೂ ಅಂದ್ರೆ ನೀವು ಓನರ್ ಆಗಿ ಕೂತು, ಹೋದ ಸಲ ಹೇಳಿದ್ದು ಆಯ್ತಾ, ಎಷ್ಟು ಘಟನೆ ಬಂತು, ಜನ ಏನು ಕೇಳಿದ್ರು, ಯಾವುದಕ್ಕೆ ದುಡ್ಡು ಬೇಕು ಅಂತ ನಿರ್ಧಾರ ತಗೊಳ್ಳೋದು. ನಿರ್ಧಾರ ಇಲ್ಲದ ಮಿನಿಟ್ಸ್ ಬರೀಬೇಡಿ.

ಆಡಿಟಲ್ಲಿ ಸಣ್ಣ ನಾನ್‌ಕನ್ಫರ್ಮಿಟಿ, ಅಂದ್ರೆ ಸ್ಟ್ಯಾಂಡರ್ಡಿಗೆ ಹೊಂದದ ಲೋಪ, ಬಂದ್ರೆ ಹೆದರ್ಬೇಡಿ, ಕಾರಣ ಹುಡುಕಿ ಸರಿ ಮಾಡೋ ಪ್ಲಾನ್ ಕೊಟ್ರೆ ಸಾಕು. ದೊಡ್ಡದು ಬಂದ್ರೆ ಸರಿ ಮಾಡಿ ತೋರಿಸಬೇಕು, ಸ್ಟೇಜ್ ಎರಡು ಮುಗಿದ ಆರು ತಿಂಗಳಲ್ಲಿ ಅದು ಆಗದಿದ್ರೆ ಮತ್ತೆ ಸ್ಟೇಜ್ ಎರಡು ಮಾಡ್ಬೇಕಾಗತ್ತೆ. ಇದನ್ನ ಹೀಗೇ ಸರಿ ಮಾಡಿ ಅಂತ ಆಡಿಟರ್ ಹೇಳೋ ಹಾಗಿಲ್ಲ, ಅದಕ್ಕೆ ಕೋಪ ಮಾಡ್ಕೋಬೇಡಿ, ಅವರ ನಿಯಮ ಅದು.

ಶೆಡ್ ಓನರ್:
(ಏಳು ತಿಂಗಳ ಮೇಲೆ)

ಸ್ಟೇಜ್ ಎರಡು ಮೊನ್ನೆ ಮುಗೀತು. ದೊಡ್ಡದು ಯಾವುದೂ ಬಂದಿಲ್ಲ, ಸಣ್ಣದು ಮೂರು ಬಂದಿದೆ. ಬೆಂಚ್ ಗ್ರೈಂಡರಲ್ಲಿ ಕಲ್ಲಿಗೂ, ಉಜ್ಜೋ ತುಂಡನ್ನ ಊರಿ ಹಿಡಿಯೋ ಟೂಲ್ ರೆಸ್ಟಿಗೂ 3 ಮಿ.ಮೀ.ಗಿಂತ ಜಾಸ್ತಿ ಗ್ಯಾಪ್ ಇರಬಾರದು ಅಂತ ನಾವೇ ನಮ್ಮ ಚೆಕ್‌ಲಿಸ್ಟಲ್ಲಿ ಬರೆದಿದ್ವಿ, ಆಡಿಟರ್ ಅಳತೆ ಮಾಡಿದಾಗ 7 ಇತ್ತು, ಕಲ್ಲು ಸವೆದಂಗೆ ಯಾರೂ ರೆಸ್ಟ್ ಮುಂದಕ್ಕೆ ತಳ್ಳಿರ್ಲಿಲ್ಲ. ಪೇಂಟಿಂಗಿಗೆ ಹೊರಗಿಂದ ಬರೋ ಇಬ್ರಿಗೆ ಬೆಂಕಿ ಡ್ರಿಲ್ ಆಗಿರ್ಲಿಲ್ಲ. ಕಾನೂನಿನ ಪಟ್ಟಿಯಲ್ಲಿ ಒಂದು ಹಳೇದಾಗಿತ್ತು. ಮೂರಕ್ಕೂ ಕಾರಣ ಬರೆದು ಕಳಿಸ್ತಿದೀವಿ.

ಆಡಿಟರ್ ಆ ಹುಡುಗನನ್ನೂ ಮಾತಾಡಿಸಿದ್ರು. ನಾನು ದೂರ ನಿಂತಿದ್ದೆ, ಏನ್ ಕೇಳಿದ್ರೋ ಗೊತ್ತಿಲ್ಲ. ಅವನು ತೋಳು ಮಡಚಿ ಗಾಯದ ಗುರುತು ತೋರಿಸ್ತಾ, ಆಮೇಲೆ ಕಪಾಟಿನ ಹತ್ರ ಕರ್ಕೊಂಡು ಹೋಗಿ ಒಂದು ಡಿಸ್ಕ್ ತೆಗೆದು ಮೇಲೆ ಪ್ರಿಂಟ್ ಆಗಿರೋ ಸ್ಪೀಡ್ ಓದಿ ಹೇಳ್ತಿದ್ದ. ಐದು ನಿಮಿಷದ ಮಾತು ಇಪ್ಪತ್ತು ನಿಮಿಷ ಆಯ್ತು.

ಇನ್ನೊಂದು ಸಹಾಯ ಬೇಕಿತ್ತು, ವೆಲ್ಡಿಂಗ್ ಹೊಗೆಗೆ ನಾಲ್ಕು ಬೆಂಚಿಗೂ ಎಕ್ಸಾಸ್ಟ್ ಒಟ್ಟಿಗೆ ಹಾಕಿಸೋಕೆ ಆಗ್ತಿಲ್ಲ, ಸದ್ಯಕ್ಕೆ ಎರಡಕ್ಕೆ ಮಾತ್ರ ಆಗೋದು. ಯಾವ ಎರಡು ಅಂತ ಹೇಗೆ ನಿರ್ಧಾರ ಮಾಡೋದು?

ಫ್ಯಾಕ್ಟರಿ ನರ್ಸ್:

ಸ್ಟೇನ್‌ಲೆಸ್ ಮತ್ತೆ ಗ್ಯಾಲ್ವನೈಸ್ಡ್ ಕೆಲಸ ಎಲ್ಲಾ ಎರಡೇ ಬೆಂಚಿಗೆ ತನ್ನಿ, ಎಕ್ಸಾಸ್ಟ್ ಅಲ್ಲಿಗೆ ಹಾಕಿ. ಹೊಗೆ ಹೊರಗೆ ಎಳ್ಕೊಳ್ಳೋ ಬಾಯಿ ವೆಲ್ಡಿಗೆ ಹತ್ರ ಇರ್ಲಿ, ವೆಲ್ಡರ್ ಮುಖದ ಮುಂದಿಂದ ಹಾದು ಹೋಗದ ಹಾಗೆ ಪಕ್ಕಕ್ಕೆ. ಉಳಿದೆರಡು ಬೆಂಚು ಹಾಗೇ ಬಿಡೋ ಹಾಗಿಲ್ಲ, ಮೈಲ್ಡ್ ಸ್ಟೀಲ್ ಹೊಗೆನೂ ಹೊಗೆನೇ, ಅಲ್ಲಿಯವರಿಗೆ ಸರಿಯಾಗಿ ಕೂರೋ ರೆಸ್ಪಿರೇಟರ್ ಕೊಡಿ ಮತ್ತೆ ಮುಂದಿನ ರಿವ್ಯೂನಲ್ಲಿ ಆ ಎರಡಕ್ಕೆ ತಾರೀಖು ಹಾಕಿ. ನಿರ್ಧಾರ ಮಾಡೋಕೆ ಮುಂಚೆ ಆ ವಯಸ್ಸಾದ ವೆಲ್ಡರ್ ಅಣ್ಣನನ್ನ ಒಂದ್ಸಲ ಕೇಳಿ, ಮಧ್ಯಾಹ್ನ ಆದ್ಮೇಲೆ ಗಾಳಿ ಯಾವ ಕಡೆಯಿಂದ ಬೀಸತ್ತೆ ಅಂತ ಅವರಿಗೆ ಗೊತ್ತಿರತ್ತೆ.